ಜವರಯ್ಯ ಮಾವನ ಫೋರ್ಕ್‌ಲಿಫ್ಟು, ಆರ್ರಲ್ಲಿ ಐದು ಪೈಪು

...ಅದಕ್ಕೇ ನಾನ್ ಯೋಳಿದ್ದು, ನಗೋರು ನಗ್ಲಿ ಬುಡಿ ಅಂತ. ಇಳಿಜಾರಲ್ಲಿ ಆ ಗಾಡೀನ ಹಿಂದ್‌ಹಿಂದ್ಕೆ ಇಳಿಸ್ತಾನಲ್ಲ ಜವರಯ್ಯ ಮಾವ, ಕತ್ತು ಪೂರ್ತಿ ತಿರುಗಿಸ್ಕಂಡು, ಅದ ನೋಡಿ "ಯಾಕ್ಲಾ ಜವರ, ಮುಂದ್ಕೆ ಓಡ್ಸಕೆ ಬರಾಕಿಲ್ವಾ?" ಅಂತ ಎಷ್ಟೋ ಜನ ಕೇಳವ್ರೆ. ಮಾವ ತನ್ ಪಾಡ್ಗೆ ತಾನು ಇಳಿಸ್ಕಂಡು ಓಯ್ತಾನೆ. ಮುಂದ್ಗಡೆ ಒಂದೂಕಾಲು ಟನ್ನು ಭಾರ ಇದ್ದಾಗ ಇಳಿಜಾರಲ್ಲಿ ಮೂತಿ ಕೆಳಗ್ ಮಾಡ್ಕಂಡು ಇಳಿದ್ರೆ ಗಾಡಿ ಮಕಾಡೆ ಬೀಳ್ತದೆ, ಭಾರ ಯಾವಾಗ್ಲೂ ದಿಬ್ಬದ ಕಡೆಗೇ ಇರ್ಬೇಕು. ಇಷ್ಟೇ ಇಸ್ಯ. ನಗೋನ್ಗೆ ಇದ ಯೋಳ್ಕಂಡು ಕುಂತ್ರೆ ಕೆಲ್ಸ ಯಾರ್ ಮಾಡೋದು?

ಜವರಯ್ಯ ಮಾವ ಅಂದ್ರೆ ನಮ್ಮ ಕೆಂಚನಕೊಪ್ಲಿನ ಜವರಯ್ಯ. ಐವತ್ತೇಳು ವರ್ಸ, ಕಡ್ಡಿ ಥರ ಮೈ, ತಲೇಲಿ ಒಂದೂ ಬಿಳೀ ಕೂದ್ಲಿಲ್ಲ (ಬಣ್ಣ ಬಳೀತಾನೆ, ನಾನ್ ಯೋಳ್ದೆ ಅನ್ಬೇಡಿ). ಮದ್ದೂರಿಂದ ಮಳವಳ್ಳಿಗೆ ಓಗೊ ರಸ್ತೇಲಿ ಸಿಮೆಂಟ್ ಪೈಪಿನ ಯಾರ್ಡು ಅದೆ, ಮೋರಿಗೆ ಆಕ್ತಾರಲ್ಲ ಆ ದೊಡ್ ಪೈಪು ಮಾಡೋ ಜಾಗ, ಅಲ್ಲಿ ಫೋರ್ಕ್‌ಲಿಫ್ಟು ಓಡ್ಸೋದು ಅವನ ಕೆಲ್ಸ. ಗೋಡೌನಲ್ಲಿ ನುಣ್ಣಗಿರೊ ನೆಲದ್ ಮೇಲೆ ಸುಯ್ ಅಂತ ಓಡಾಡ್ತದಲ್ಲ ಆ ಥರದ್ದಲ್ಲ ಮತ್ತೆ. ಟ್ರ್ಯಾಕ್ಟರಿನಂಥ ಟೈರು, ಮುಂದೆ ಎಲ್ಡು ಉದ್ದುದ್ದ ಕಬ್ಬಿಣದ ಕೈ, ಹಿಂದೆ ತೂಕಕ್ಕೆ ಅಂತ ಒಂದು ದಪ್ಪ ಕಬ್ಬಿಣದ ಗುಡ್ಡೆ. ದೂರದಿಂದ ನೋಡುದ್ರೆ ಬಂಡೂರು ಕುರಿ ಇದ್ದಂಗದೆ, ಗಿಡ್ಡಕೆ, ಗುಂಡ್‌ಗುಂಡಕೆ. ಯಾರ್ಡು ಅನ್ನೋದು ಹೆಸರಿಗೆ ಮಾತ್ರ. ಅದು ಮೊದ್ಲು ಗದ್ದೆ ಬಯಲು. ಮಳೆ ಬಂದ್ರೆ ಕೆಸರು, ಬಿಸಿಲು ಬಂದ್ರೆ ಬಿರುಕು, ಲಾರಿ ಓಡಾಡಿ ಓಡಾಡಿ ಎಲ್ ನೋಡುದ್ರೂ ಗುಂಡಿ. ಅಂಥಾ ನೆಲದ್ ಮೇಲೆ ದಿನಕ್ಕೆ ನಲವತ್ತು ಐವತ್ತು ಪೈಪು ಎತ್ತಿ ಇಳಿಸ್ತಾನೆ ನಮ್ ಮಾವ. ಏಳು ವರ್ಸದಿಂದ ಒಬ್ಬರ ಉಗುರಿಗೂ ಏಟಾಗಿಲ್ಲ.

ಏಳು ವರ್ಸದಿಂದ ಅಂದೆ ನೋಡಿ. ಅದಕ್ಕೂ ಮುಂಚೆ ಒಂದಾಗದೆ. ಅದ ಯೋಳ್ದೆ ಇದ್ರೆ ಮಾವ ಯಾವನು ಅಂತ ನಿಮ್ಗೆ ಗೊತ್ತಾಗಾಕಿಲ್ಲ.

ಇದ್ಕೆ ಬರೋಕ್ ಮುಂಚೆ ಮಾವ ಎತ್ತಿನ ಗಾಡಿಯೋನು. ಇಪ್ಪತ್ತೆಂಟು ವರ್ಸ ಕಬ್ಬು ಏರ್ಕಂಡು ಫ್ಯಾಕ್ಟ್ರಿಗೆ ಗಾಡಿ ಓಡ್ಸ್ದೋನು. ಗಾಡಿ ಓಡ್ಸೋರ್ಗೆ ಒಂದು ಅಭ್ಯಾಸ ಅದೆ. ಹಿಂದ್ಗಡೆ ಭಾರ ಜಾಸ್ತಿ ಆಗಿ ಮುಂದೆ ನೊಗ ಕಟ್ಟೋ ಮೂಕಿ ಮೇಲಕ್ಕೆದ್ರೆ ಎತ್ತಿನ ಕತ್ತಿಗೆ ಹಗ್ಗ ಬಿಗೀತದೆ, ಆಗ ಒಬ್ಬ ಓಡೋಗಿ ಮೂಕಿ ಮೇಲೆ ಕುಂತ್ಕಂಡ್ಬುಡ್ತಾನೆ. ಮುಂದ್ಗಡೆ ಭಾರ ಆದ್ರೆ ಒಬ್ಬ ಹಿಂದ್ಗಡೆ ಜೋತ್ಕತಾನೆ. ಯಾರೂ ಯೋಳ್ಕೊಡೋ ಹಂಗೇ ಇಲ್ಲ, ನಮ್ ಕಡೆ ಮೂರ್ ವರ್ಸದ ಕೂಸಿಗೂ ಗೊತ್ತು. ಗಾಡಿ ವಾಲುದ್ರೆ ಮನುಸ ಏರ್ಬೇಕು.

ಯಾರ್ಡಿನ ಓನರ್ರು ಸುಧೀಂದ್ರ ಅಂತ, ಮಂಡ್ಯದೋರು. "ಜವರಯ್ಯನೋರೆ, ಎತ್ತು ಪಳಗಿಸಿರೊ ಕೈ ನಿಮ್ದು, ಇದನ್ನೂ ಪಳಗಿಸ್ತೀರಿ" ಅಂತ ಹಳೇ ಡ್ರೈವರ್ ಪಕ್ಕ ಹದಿನೈದಿನ ನಿಲ್ಸಿ, ಕೈಗೆ ಕೀ ಕೊಟ್ಟೇಬುಟ್ರು. ಓಡ್ಸೋದೇನೋ ಬಂತು. ಎತ್ತಿನ ಗಾಡಿ ಬುದ್ಧಿ ಮಾತ್ರ ಓಗ್ಲಿಲ್ಲ.

ಒಂದಿನ ಎಲ್ಡು ಪೈಪು ಒಟ್ಟಿಗೆ ಎತ್ತುದ್ರು. ಗುಂಡಿ ನೆಲ, ಹಿಂದಿನ ಚಕ್ರ ನಾಕು ಬೆರಳು ಮೇಲಕ್ಕೆದ್ದೋಯ್ತು. ಲೋಡು ಮಾಡ್ತಿದ್ದೋನು ಸ್ವಾಮಿ, ನಮ್ಮೂರೋನೆ, ಮಾವನ ಜೊತೆಲೇ ಗಾಡಿ ಓಡ್ಸಿದ್ದೋನು. ಮಾವ ಯೋಚ್ನೇನೂ ಮಾಡ್ಲಿಲ್ಲ. "ಲೇ ಸ್ವಾಮಿ, ಹಿಂದ್ಗಡೆ ಕುಂತ್ಕಳ್ಲಾ" ಅಂದ. ಸ್ವಾಮೀನೂ ಯೋಚ್ನೆ ಮಾಡ್ಲಿಲ್ಲ, ಏರಿ ಕುಂತ್ಕಂಡ. ಚಕ್ರ ನೆಲಕ್ಕೆ ಬಂತು. ಇಬ್ರೂ ನಕ್ಕುದ್ರಂತೆ. ಹತ್ತೆಜ್ಜೆ ಓಗಿಲ್ಲ, ಮುಂದಿನ ಟೈರು ಗುಂಡಿಗಿಳೀತು, ಹಿಂದ್ಗಡೆ ಮೇಕೆ ಎಗರ್ದಂಗೆ ಎಗರ್ತು, ಸ್ವಾಮಿ ಕೆಳಗ್ ಬಿದ್ದ. ಎಗರಿದ್ ಚಕ್ರ ವಾಪಸ್ ಇಳಿಯೋವತ್ಗೆ ಅವನ ಎಡಗಾಲು ಅಲ್ಲೇ ಇತ್ತು.

ಎಂಟು ತಿಂಗ್ಳು ಮಂಚ. ಇವತ್ಗೂ ಆ ಪಾದ ಪಕ್ಕಕ್ಕೆ ನೋಡ್ತದೆ.

"ಅವ್ನು ನನ್ನ ಬೈದಿದ್ರೆ ಎಷ್ಟೋ ವಾಸಿ ಆಗಿರದು" ಅಂತಾನೆ ಮಾವ. "ಆಸ್ಪತ್ರೇಲಿ ನನ್ ಕೈ ಇಡ್ಕಂಡು, 'ನಾನ್ ಇನ್ನೊಸಿ ದಪ್ಪ ಇದ್ದಿದ್ರೆ ಗಾಡಿ ಎಗರ್ತಿರ್ಲಿಲ್ಲ ಕಣ್ಲಾ' ಅಂದ್ಬುಟ್ಟ. ನಗಕಾಯ್ತದಾ? ಅಳಕಾಯ್ತದಾ?"

ಬೇರೆ ಯಾರೇ ಆಗಿದ್ರೂ ಕೆಲ್ಸ ಬುಡೋರು, ಇಲ್ಲಾ ಸ್ವಾಮಿ ಮೇಲೇ ತಪ್ಪು ಆಕೋರು. ಮಾವ ಸೀದಾ ಓನರ್ ಹತ್ರ ಓಗಿ, "ಸ್ವಾಮಿ ಬಿದ್ದಿದ್ದು ನಾನ್ ಕೂರ್ಸಿದ್ದಕ್ಕೆ. ನನ್ಗೆ ಗೊತ್ತಿಲ್ದೆ ಇದ್ದಿದ್ದು ಇದೊಂದೇನಾ, ಇನ್ನೂ ಎಷ್ಟವೆ ಅಂತ ಗೊತ್ತಿಲ್ಲ. ಕಲಿಯಕ್ಕೆ ಕಳಿಸಿ" ಅಂದ. ಐವತ್ತನೇ ವರ್ಸಕ್ಕೆ ಮಂಡ್ಯದಲ್ಲಿ ಟ್ರೇನಿಂಗಿಗೆ ಓದ, ಮೀಸೆ ಚಿಗುರ್ತಿರೋ ಐಕ್ಳು ಮಧ್ಯೆ ಬೆಂಚಲ್ಲಿ ಕುಂತ್ಕಂಡ. ಮೊದ್ಲೇಟ್ಗೆ ಪರೀಕ್ಸೇಲಿ ಫೇಲು! ಗಾಡಿ ಓಡ್ಸದ್ರಲ್ಲಿ ಅಲ್ಲ, ಬರೆಯೋದ್ರಲ್ಲಿ. ಇನ್ನೊಂದ್ಸಲ ಓಗಿ ಪಾಸಾದ. ಪಾಸಾದ್ದಕ್ಕೆ ಕೊಟ್ಟ ಲೈಸೆನ್ಸ್ ಕಾರ್ಡ ಅವನ ಎಂಡ್ರು ಹೊಂಬಾಳಮ್ಮ ದೇವರ ಪಟದ ಸಾಲಲ್ಲಿ ಮಡಗಿ ಕುಂಕುಮ ಇಟ್ಟವ್ಳೆ. ಯಾರಾದ್ರೂ ಸಾಹೇಬ್ರು ಕಾರ್ಡು ತೋರ್ಸಿ ಅಂದ್ರೆ ಮಾವ ಮನೆಗ್ ಫೋನ್ ಮಾಡ್ಬೇಕು. "ಪೂಜೆ ಆಗಿಲ್ಲ, ತಡೀರಿ" ಅಂತಾಳೆ ಆಯಮ್ಮ.

ಕಲ್ತು ಬಂದ ಮೇಲೆ ಮಾವ ಯೋಳೋದು ಕೇಳಿ, ಯಾವ ಮೇಸ್ಟ್ರೂ ಇಂಗೆ ಯೋಳಾಕಿಲ್ಲ: "ಎತ್ತಿನ ಗಾಡಿ ಎಳೀತದೆ, ಇದು ಭಾರ ಒರ್ತದೆ. ಎಳಿಯೋದೇ ಬೇರೆ, ಒರೋದೇ ಬೇರೆ. ಇದು ತಕ್ಕಡಿ ಕಣ್ಲಾ. ಮುಂದಿನ ಚಕ್ರ ನಡುಮಧ್ಯದ ಮುಳ್ಳು. ಹಿಂದಿನ ಚಕ್ರ ಎದ್ರೆ ಗಾಡಿ ಬಾಯ್ಬುಟ್ಟು ಯೋಳ್ತಾ ಅದೆ, 'ಅಯ್ಯಾ ನನ್ ಕೈಲಾಗಾಕಿಲ್ಲ' ಅಂತ. ಹಿಂದೆ ಜನ ಕೂರ್ಸುದ್ರೆ ಅದರ ಬಾಯಿ ಮುಚ್ದಂಗಾಯ್ತು. ಭಾರ ಎಲ್ಲಿ ಕಮ್ಮಿ ಆಯ್ತು?"

ಅವತ್ತಿಂದ ಅವಂದು ಒಂದು ಕಟ್ಲೆ. ಬೆಳಿಗ್ಗೆ ಬಂದವ್ನೆ ಗಾಡಿ ಮುಟ್ಟಾಕಿಲ್ಲ. ಚಪ್ಲಿ ಬುಟ್ಟು ಬರಿಗಾಲಲ್ಲಿ ಅವತ್ತು ಗಾಡಿ ಓಡೋ ದಾರಿ ಪೂರ್ತಿ ನಡೀತಾನೆ, ಕೈಲಿ ಹಳೇ ಬಾರುಕೋಲು, ಬಾರಿಲ್ಲ ಬರೀ ಕೋಲು. ನೆಲ ಕುಟ್ಟೋದು, ಹಿಮ್ಮಡಿ ಊರೋದು. ಎಲ್ಲಿ ಮೆತ್ತಗದೆ, ಎಲ್ಲಿ ಅಡೀಲಿ ನೀರು ಅದೆ, ಗದ್ದೆ ತುಳ್ದ ಕಾಲಿಗೆ ಗೊತ್ತಾಯ್ತದೆ. ಆಮೇಲೆ ಕಾಲು ತೊಳ್ದು ಬೂಟು ಆಕಿ, ಸೀಟಲ್ ಕುಂತು ಪಟ್ಟಿ ಬಿಗ್ದು ಶುರು. ಗಾಡಿ ಕೈ ಯಾವಾಗ್ಲೂ ನೆಲದಿಂದ ಒಂದು ಗೇಣು, ಅಷ್ಟೇ. ಮೇಲೆ ಎತ್ಕಂಡು ಓಡ್ಸೋದಿಲ್ಲ. ಮಾತೇ ಇಲ್ಲ.

ಸ್ವಾಮಿ ಎಲ್ಲೋದ ಅಂತೀರಾ? ಯಾರ್ಡಲ್ಲೇ ಅವ್ನೆ. ಕುಂಟ್ಕಂಡು ಗಾಡಿ ಮುಂದೆ ನಡೀತಾ ಕೈ ತೋರ್ಸೋ ಕೆಲ್ಸ. ಮಾವ ಅವನ ಕೈ ನೋಡ್ದೆ ಒಂದು ಮೊಳಾನೂ ಓಗಾಕಿಲ್ಲ.

ಈಗ ಹೋದ ವರ್ಸದ ಇಸ್ಯಕ್ಕೆ ಬತ್ತೀನಿ.

ನಮ್ಮೂರ್ ಪಕ್ಕ ಕಿರುನಾಲೆ ಅದಲ್ಲ, ಅದ್ರ ಮೇಲೆ ಹಳೇ ಕಲ್ ಚಪ್ಪಡಿ ಸೇತುವೆ ಇತ್ತು. ಕಬ್ಬಿನ ಟ್ರ್ಯಾಕ್ಟರ್ ಓಗಿ ಓಗಿ ಮುರ್ದೋಯ್ತು. ನಾಲೆ ಆಚೆ ನಮ್ಮೂರೋರ ಅರವತ್ತು ಎಕರೆ ಅದೆ. ಪೈಪು ಆಕಿ ಮೋರಿ ಮಾಡ್ಕಳ್ಳಿ ಅಂತ ಇಂಜಿನಿಯರ್ರು ಪರ್ಮಿಷನ್ ಕೊಡೋ ಹೊತ್ಗೆ ನೀರು ಬುಡೋ ದಿನಾನೇ ಬಂದ್ಬುಡ್ತು. ನಾಳೆ ಮಧ್ಯಾನ ಹನ್ನೆರಡಕ್ಕೆ ನಮ್ ಭಾಗಕ್ಕೆ ನೀರು ಅಂತ ಯೋಳ್ಬುಟ್ರು. ನೀರು ಬಂತು ಅಂದ್ರೆ ನಾಕು ತಿಂಗ್ಳು ನಾಲೆ ಒಣಗಾಕಿಲ್ಲ. ಟಿಲ್ಲರ್ ಆಚೆ ಓಗಾಕಿಲ್ಲ, ನಾಟಿ ಇಲ್ಲ, ಆ ಅರವತ್ತು ಎಕರೆ ಆ ವರ್ಸಕ್ಕೆ ಬೀಳು.

ಆರು ಪೈಪು. ಮೂರ್ ಮೂರು ಉದ್ದಕ್ಕೆ ಜೋಡ್ಸಿ ಎಲ್ಡು ಸಾಲು. ಲಾರಿ ಟಾರ್ ರಸ್ತೇಲೇ ನಿಂತ್ಕತದೆ, ಅಲ್ಲಿಂದ ನಾಲೆ ತನ್ಕ ಮುನ್ನೂರು ಮೀಟ್ರು ಗಾಡಿ ಜಾಡು, ಪೂರ್ತಿ ಇಳಿಜಾರು, ಒಂದ್ ಕಡೆ ಗದ್ದೆ ಬದು. ಓನರ್ರು ಅರ್ಧ ದಿನಕ್ಕೆ ಗಾಡಿ ಕೊಟ್ರು, ಮಾವನ್ನೂ ಸ್ವಾಮೀನೂ ಕಳಿಸುದ್ರು. ಸ್ವಂತ ಊರಲ್ಲಿ ಮಾವ ಗಾಡಿ ಓಡ್ಸಿದ್ದು ಅದೇ ಮೊದ್ಲು. ಇಡೀ ಊರು ನಾಲೆ ಏರಿ ಮೇಲೆ.

ಮಾವ ಏಳು ಗಂಟೆಗೆ ಬಂದ. ಬಂದು? ಚಪ್ಲಿ ಬುಟ್ಟು ನಡ್ಕಂಡು ಒಂಟ. ಮುನ್ನೂರು ಮೀಟ್ರು ಓಗಿ ಬಂದ. ಇನ್ನೊಂದ್ಸಲ ಓದ. ಮೂರ್ ಕಡೆ ಕೋಲು ಊರಿ "ಇಲ್ಲಿಗೆ ಕಲ್ಲು ಆಕಿ, ಜಲ್ಲಿ ಆಕಿ, ಕುಟ್ಟಿ" ಅಂದ. ಪಂಚಾಯ್ತಿ ಮೆಂಬರ್ ಸಂತೋಷ್ ಗಡಿಯಾರ ನೋಡ್ಕಂಡು ಕುದೀತಾ ನಿಂತಿದ್ದ. ಪರ್ಮಿಷನ್ಗೆ ತಿಂಗ್ಳಾನ್‌ಗಟ್ಲೆ ಓಡಾಡಿದ್ದೋನು ಅವನೇ, ಪಾಪ.

"ಮಾವ, ನೀನು ಹೆಣ್ಣು ನೋಡಕ್ ಬಂದಿದ್ದೀಯ, ಪೈಪ್ ಇಳ್ಸಕ್ ಬಂದಿದ್ದೀಯ? ಎಂಟೂವರೆ ಆಯ್ತು!"

"ಹೆಣ್ ನೋಡಕೆ ಇಷ್ಟೊತ್ತು ತಕಂಡಿದ್ರೆ ಹೊಂಬಾಳಿ ನನ್ ಕೈಗೆ ಸಿಕ್ತಾ ಇರ್ಲಿಲ್ಲ" ಅಂದ ಮಾವ. ಆಯಮ್ಮ ಅಲ್ಲೇ ಕಲ್ಲು ಒರ್ತಿದ್ಲು. "ಸಿಗ್ದಿದ್ರೆ ನಾನು ಹನಕೆರೆ ತೌರಲ್ಲೇ ಆರಾಮಾಗಿರ್ತಿದ್ದೆ" ಅಂದ್ಲು. ಎಲ್ರೂ ನಕ್ರು, ಸಂತೋಷ್ ನಗ್ಲಿಲ್ಲ.

ಒಂಬತ್ತಕ್ಕೆ ಮೊದಲನೇ ಪೈಪು. ಸರಪಳಿ ಬಿಗ್ದು, ಉರುಳ್ದಂಗೆ ಎಲ್ಡೂ ಕಡೆ ಮರದ ಆಪು ಒಡ್ದು, ಒಂದು ಗೇಣು ಎತ್ತಿ, ಹಿಂದ್‌ಹಿಂದ್ಕೆ ಇಳ್ಕಂಡು ಓದ. ಸ್ವಾಮಿ ಹತ್ತೆಜ್ಜೆ ದೂರದಲ್ಲಿ ಕೈ ತೋರುಸ್ತಾ ಕುಂಟ್ತಾ. ಏರಿ ಹತ್ರ ಇಳ್ಸುದ್ರೆ ಅಲ್ಲಿಂದ ಜನ ಹಾರೆ ಆಕಿ ನಾಲೆ ಒಳೀಕೆ ಉರುಳಿಸ್ಕತಿದ್ರು. ಒಂದ್ ಸಲಕ್ಕೆ ಅರ್ಧ ಗಂಟೆ. ಎಲ್ಡನೇದೂ ಆಯ್ತು, ಗಂಟೆ ಹತ್ತು. ಎಲ್ರೂ ಲೆಕ್ಕ ಆಕುದ್ರು. ಇನ್ನೂ ನಾಕು, ಅಂದ್ರೆ ಹನ್ನೆರಡು. ಸರಿಯಾಗಿ ನೀರು ಬರೋ ಹೊತ್ತು.

ಮಾವ ಸೀಟಿಂದ ಇಳ್ದು ನೀರು ಕುಡ್ದು ಜಾಡು ಇನ್ನೊಂದ್ಸಲ ನೋಡಕ್ ಓದ ನೋಡಿ, ಅಷ್ಟರಲ್ಲಿ ಸಂತೋಷ್ ಮತ್ತವನ ಗ್ಯಾಂಗು ಲಾರಿಯಿಂದ ಹಲಗೆ ಇಟ್ಟು ಎಲ್ಡು ಪೈಪು ಉರುಳಿಸಿ ಗಾಡಿ ಕೈಮೇಲೆ ಜೋಡ್ಸಿ ಸರಪಳಿನೂ ಸುತ್ಬುಟ್ಟಿದ್ರು. "ಎಲ್ಡೆಲ್ಡು ಓದ್ರೆ ಹನ್ನೊಂದಕ್ಕೆ ಮುಗೀತದೆ ಮಾವ. ಯಾರ್ಡಲ್ಲಿ ಎಲ್ಡು ಎತ್ತಾಕಿಲ್ವಾ ನೀನು?"

"ಸ್ವಾಮಿ ಬಿದ್ದ ಮೇಲೆ ಯಾರ್ಡಲ್ಲೂ ಎತ್ತಿಲ್ಲ ಕಣ್ಲಾ."

"ನೋಡಾದ್ರೂ ನೋಡು!"

ಮಾವ ಕುಂತು, ನಿಧಾನಕ್ಕೆ ಎತ್ತಿ ನೋಡ್ದ. ಹಿಂದಿನ ಚಕ್ರ ಎದ್ದೇ ಬುಡ್ತು, ನಾಕು ಬೆರಳು. ಯಾರೂ ಕರೀಲಿಲ್ಲ, ಯಾರೂ ಯೋಳ್ಲಿಲ್ಲ, ನಾಕ್ ಜನ ಓಡ್ಬಂದು ಹಿಂದ್ಗಡೆ ಕಬ್ಬಿಣದ ಮೇಲೆ ಏರಿ ಕುಂತ್ಕಂಡ್ರು. ಕುಂತು ತೊಡೆ ತಟ್ಕಂಡು, "ಓಗು ಮಾವೋ! ನಾವ್ ಅದೀವಿ!"

ಚಕ್ರ ನೆಲಕ್ಕೆ ಬಂತು. ಇಡೀ ಊರು ಕೂಗ್ತು.

ಮಾವ ಹಿಂದೆ ತಿರುಗಿ ನೋಡ್ದ. ಭಾರ ಕೆಳಗಿಳ್ಸ್ದ. ಗಾಡಿ ಆಫ್ ಮಾಡ್ದ. ಕೀ ಕಿತ್ತು ಜೋಬಿಗೆ ಆಕಂಡ. ಇಳ್ದು ಓಗಿ ಹೊಂಗೆ ಮರದ ಕೆಳಗೆ ಕುಂತ್ಕಂಡ್ಬುಟ್ಟ!

ಆಮೇಲೆ ಕೇಳ್ಬೇಕಾ ಮಾತು. "ದೊಡ್ ಸಾಹೇಬ ಆಗೋದ." "ಊರಿನ್ ಕೆಲ್ಸ ಅಂದ್ರೆ ಕೊಬ್ಬು." "ಎತ್ತಿನ ಗಾಡಿ ಓಡ್ಸ್ದೋನ್ಗೆ ಧೈರ್ಯ ಎಲ್ಲೋಯ್ತು?" ಮಾವನ ತಮ್ಮನ ಮಗನೇ "ನಮ್ ಮಾನ ಕಳೀಬೇಡ ದೊಡ್ಡಪ್ಪ" ಅಂದ. ಮಾವ ಒಂದೇ ಮಾತು, "ಇಳೀರಿ, ಒಂದ್ ಪೈಪು ತಗೀರಿ, ನಾನ್ ಎದ್ ಬತ್ತೀನಿ." ಅವನ ಜಮೀನೂ ಅರ್ಧ ಎಕರೆ ನಾಲೆ ಆಚೆನೇ ಇರೋದು, ಗೊತ್ತಾ? ಅದನ್ನ ಅವತ್ತು ಬಾಯೇ ಬುಡ್ಲಿಲ್ಲ ಅವ್ನು.

ಹಿಂದೆ ಕುಂತಿದ್ದ ನಾಕು ಜನ ಇಳೀಲೇ ಇಲ್ಲ. ಆಗ ಸ್ವಾಮಿ ಕುಂಟ್ಕಂಡು ಬಂದ. ಬೀಡಿ ಅಂಟಿಸ್ಕಂಡ. ಆರಾಮಾಗಿ ಅವ್ರ ಮುಂದೆ ನಿಂತ್ಕಂಡು, "ಕುಂತ್ಕಳ್ರಲಾ ಕುಂತ್ಕಳಿ, ಯಾಕ್ ಇಳೀತೀರಿ? ನಾನೊಬ್ನೇ ಕುಂಟಿ ಕುಂಟಿ ನನ್ಗೂ ಬೇಜಾರಾಗದೆ. ಜೊತೆ ಬೇಕು" ಅಂದ.

ಮೊದ್ಲು ಒಬ್ಬ ಇಳ್ದ. ಆಮೇಲೆ ಮೂವರೂ. ಪೈಪು ತಿರ್ಗ ಇಳ್ಸೋಕೆ, ಸರಪಳಿ ಬಿಚ್ಚಿ ಸರಿಯಾಗಿ ಬಿಗಿಯೋಕೆ ಅರ್ಧ ಗಂಟೆ ಮೇಲೇ ಓಯ್ತು. ಆ ಅರ್ಧ ಗಂಟೆ ನಮ್ ತಪ್ಪಿಗೆ ಓಗಿದ್ದು, ಮಾವನ ಮೊಂಡುತನಕ್ಕಲ್ಲ, ಇದ ನಾನು ಎಲ್ಲಿ ಬೇಕಾದ್ರೂ ನಿಂತ್ ಯೋಳ್ತೀನಿ.

ಮೂರನೇದು, ನಾಕನೇದು. ಮಾವ ಒಂಚೂರೂ ಸ್ಪೀಡ್ ಜಾಸ್ತಿ ಮಾಡ್ಲಿಲ್ಲ. ಮೊದಲನೇದು ಎಂಗೆ ತಂದ್ನೋ ಅಂಗೇ.

ಐದನೇ ಪೈಪಲ್ಲಿ ಆಯ್ತು ನೋಡಿ. ಬದು ಹತ್ರ ಬತ್ತಿದ್ದಂಗೆ, ಗಾಡಿ ಓಡಿ ಓಡಿ ಸಡ್ಲ ಆಗಿದ್ದ ಮಣ್ಣು ಜರುಗ್ತು. ಗಾಡಿ ಎಡಕ್ಕೆ ವಾಲ್ತು. ಹೆಂಗುಸ್ರು ಕಿರಿಚ್ಕಂಡ್ರು. "ನೆಗೀ ಮಾವ, ನೆಗೀ!" ಅಂತ ಯಾರೋ. ಮಾವ ನೆಗೀಲಿಲ್ಲ. ನೆಗೆದೋನ್ ಮೇಲೇ ಗಾಡಿ ಬೀಳೋದಂತೆ. ಸ್ಟೇರಿಂಗ್ ಗಟ್ಟಿಯಾಗ್ ಇಡ್ಕಂಡು, ಕಾಲ್ ಊರಿ, ಮೈ ಬಲಕ್ಕೆ ವಾಲಿಸ್ಕಂಡು, ಕೈಮೇಲಿದ್ದ ಪೈಪ ಮೆಲ್ಲಕೆ, ಮೆಲ್ಲಕೆ, ಇದ್ದ ಒಂದ್ ಗೇಣೂ ಇಳ್ಸಿ ನೆಲಕ್ಕೆ ತಾಗಿಸ್ಬುಟ್ಟ. ಗಾಡಿ ನಿಂತ್ಕಂತು. ಸಂತೋಷ್ ಪಕ್ಕದಿಂದ ತಳ್ಳಿ ನಿಲ್ಲಿಸ್ತೀನಿ ಅಂತ ಓಡಿದ್ದ. ಸ್ವಾಮಿ ಟವಲ್ ತಗಂಡು ಅವನ ಮುಖಕ್ಕೇ ಬೀಸ್ದ. "ದೂರ ನಿಂತ್ಕಳ್ಲಾ ಮೆಂಬ್ರು! ಮೂರ್ ಟನ್ನಿಗೂ ಮೇಲದೆ ಆ ಗಾಡಿ, ನೀನ್ ಅದ್ಕೆ ಒರಗಿಸ್ಕಳೋ ದಿಂಬಾ?"

ಚಕ್ರಕ್ಕೆ ಕಲ್ಲು ಕೊಟ್ಟು, ಮಣ್ಣು ತುಂಬಿ, ಮಾವ ತಿರ್ಗ ಎತ್ತಿ ಐದನೇದನ್ನೂ ಇಳಿಸ್ದ. ಹಿಂದ್ಗಡೆ ನಾಕು ಜನ ಕುಂತಿದ್ದಿದ್ರೆ ಅವ್ರು ಅವಾಗ ಎಲ್ಲಿರ್ತಿದ್ರು ಅಂತ ನಾನ್ ಯೋಳ್ಬೇಕಾಗಿಲ್ಲ. ಅವ್ರಿಗೇ ಗೊತ್ತಾಗೋಯ್ತು, ಮುಖ ನೋಡ್ಬೇಕಿತ್ತು ನೀವು.

ಆರನೇ ಪೈಪು ಅರ್ಧ ದಾರೀಲಿತ್ತು. ನೀರೂ ಒಸಿ ತಡ ಆಗಿತ್ತು, ಹನ್ನೆರಡೂ ಮುಕ್ಕಾಲು. ಮೇಲ್ಗಡೆಯಿಂದ ಕಸ ಕಡ್ಡಿ ನೊರೆ ತಳ್ಕಂಡು ನೀರು ಬಂದೇಬುಡ್ತು. ನಾಲೇಲಿ ಇದ್ದೋರೆಲ್ಲ ಏರಿ ಏರುದ್ರು. ಸಂತೋಷ್ ತಲೆ ಮೇಲೆ ಕೈ ಒತ್ಕಂಡು ಕುಂತ್ಬುಟ್ಟ. ಮಾವ ದೂರದಿಂದ್ಲೇ ನೀರು ನೋಡ್ದ, ಗಾಡಿ ನಿಲ್ಸ್ದ, ಅಲ್ಲೇ ಜಾಡಿನ ಪಕ್ಕ ಗಟ್ಟಿ ಜಾಗ ನೋಡಿ ಪೈಪು ಇಳ್ಸಿ ಎಲ್ಡೂ ಕಡೆ ಕಲ್ಲು ಕೊಟ್ಟ. ಓಡ್ಸಿ ತರಕ್ಕೆ ನೋಡ್ಲೇ ಇಲ್ಲ.

ಬೆಟ್ಟಮ್ಮ ಅಂತ ಒಬ್ಬಜ್ಜಿ, ಆಚೆ ಎಲ್ಡು ಎಕರೆ ಇರೋಳು, ಮೊದ್ಲು ಬಾಯ್ಬುಟ್ಟೋಳು ಅವಳೇ. "ಯಾಕ್ರಲಾ ಸತ್ತೋರ ಮನೆಯೋರಂಗೆ ನಿಂತಿದ್ದೀರಿ? ಐದು ಬಿದ್ದವಲ್ಲ! ಎಲ್ಡು ಸಾಲ್ಗೂ ಎಲ್ಡೆಲ್ಡು ಪೈಪದೆ, ಟಿಲ್ಲರ್ ಓಗಕೆ ಅಷ್ಟಗಲ ಸಾಲ್ದಾ? ಮಣ್ ಆಕ್ರಿ ಬಿರ್ನೆ!"

ಸಾಲ್ತಿತ್ತು! ಒಂದ್ ಮೂಲೆ ಕಮ್ಮಿ ಅಷ್ಟೇ. ನೀರು ಪೈಪೊಳಗೆ ನುಗ್ಗಿ ಓಗ್ತಿದ್ದಂಗೆ ಊರೋರೆಲ್ಲ ಮೂಟೆ ಮೂಟೆ ಮಣ್ಣು ಆಕುದ್ರು. ನಾಕು ಗಂಟೆಗೆ ಬೆಟ್ಟಮ್ಮನ ಟಿಲ್ಲರ್ ಮೊದ್ಲು ದಾಟ್ತು. ಆ ವರ್ಸ ಅರವತ್ತು ಎಕರೇಲೂ ನಾಟಿ ಆಯ್ತು, ಮಾವನ ಅರ್ಧ ಎಕರೇನೂ ಸೇರಿ.

ದೊಡ್ ಲಾರಿ ಮಾತ್ರ ಈಗ್ಲೂ ಆ ಮೋರಿ ಮೇಲೆ ತಿರುಗಾಕಿಲ್ಲ. ಮೂಲೆ ಇಲ್ಲದ ಕಡೆ ಮಾವನೇ ಎಲ್ಡು ಕಲ್ಲು ನೆಟ್ಟು ಸುಣ್ಣ ಬಳ್ದವ್ನೆ, ಯಾರೂ ಚಕ್ರ ಇಳಿಸ್ಬಾರ್ದು ಅಂತ. "ಮುಕ್ಕು ಮೋರಿ" ಅಂತಾರೆ ನಮ್ಮೂರೋರು, ಒಬ್ಬಿಬ್ರು ಮಾವ ಕೇಳ್ಲಿ ಅಂತಾನೇ ಅಂತಾರೆ. ಸಂತೋಷೂ ಅಂತಾನೆ, ಆದ್ರೆ ಬೇರೆ ಊರೋರು ಯಾರಾದ್ರೂ ಅಂದ್ರೆ ಮೈಮೇಲೇ ಬೀಳ್ತಾನೆ. ನಾನ್ ಒಂದಿನ ಮಾವನ್ನ ಕೇಳ್ದೆ, ಬೇಜಾರಾಗಾಕಿಲ್ವಾ ಅಂತ.

"ಯಾಕ್ ಬೇಜಾರು?" ಅಂದ. "ಅವತ್ತು ಎಷ್ಟು ಜನ ಇದ್ರು ನಾಲೆ ಹತ್ರ?"

"ಎಪ್ಪತ್ತು ಎಂಬತ್ತು ಇದ್ದಿರ್ಬೋದು."

"ಎಷ್ಟು ಜನ ನಡ್ಕಂಡ್ ಮನೆಗ್ ಓದ್ರು?"

ಅಷ್ಟೇ ಕೇಳಿ ಎದೆ ಉಬ್ಬಿಸ್ಕಂಡು ಕುಂತ್ಕಂಡ. ನಿಜ ಯೋಳ್ತೀನಿ, ಆ ಕಡ್ಡಿ ಮೈಯಲ್ಲಿ ಅಷ್ಟು ದೊಡ್ ಎದೆ ಎಲ್ಲಿತ್ತೋ ನನ್ಗೊತ್ತಿಲ್ಲ.

ನೀವೂ ಆ ಕಡೆ ಬಂದ್ರೆ ಮದ್ದೂರಲ್ಲಿ ಮಳವಳ್ಳಿ ಬಸ್ಸು ಅತ್ತಿ, ಪೈಪಿನ ಯಾರ್ಡು ಅಂತ ಕಂಡಕ್ಟ್ರಿಗೆ ಯೋಳಿ, ಇಳಿಸ್ತಾನೆ. ಬೆಳಿಗ್ಗೆ ಏಳಕ್ಕೆ ಮುಂಚೆ ಓಗಿ. ಗೇಟಲ್ಲಿ ಸ್ವಾಮಿ ಇರ್ತಾನೆ, ನಾಕು ಮಾತು ಬೈತಾನೆ, ಬೈಸ್ಕಳಿ. ಒಳಗೆ ಒಬ್ಬ ಕೋಲು ಇಡ್ಕಂಡು ಬರಿಗಾಲಲ್ಲಿ ನೆಲ ನೋಡ್ಕಂಡು ನಡೀತಿರ್ತಾನೆ, ಅವನೇ ನಮ್ ಜವರಯ್ಯ ಮಾವ. ಕರ್ದು ನಿಲ್ಲಿಸ್ಬೇಡಿ. ಚಪ್ಲಿ ಬುಟ್ಟು ಅವನ ಪಕ್ಕಕ್ಕೆ ಓಗಿ ಜೊತೇಲಿ ನಾಕೆಜ್ಜೆ ಆಕಿ, ಮಾತು ತಾನೇ ಶುರು ಮಾಡ್ತಾನೆ.